ಲಾಡಿ ಕಟ್ಟುವ ಜಾಗ

ಮೊದಲು ನಾಲ್ಕಾಣೆಯಷ್ಟಿತ್ತು.
ಆಮೇಲೆ ರೂಪಾಯಿ ಬಿಲ್ಲೆ.
ಶ್ರಾವಣ ಕಳೆಯುವುದರೊಳಗೆ ಬಳೆಯಷ್ಟಾಗಿ
ಸೊಂಟ ಸುತ್ತತೊಡಗಿತು,
ಲಂಗದ ಲಾಡಿ ಬಿಗಿಯುವ ದಾರಿಯಲ್ಲೇ,
ಅಂಚು ಕೆಂಪು, ನಡುವೆ ಮಾಸಲು,
ಯಾರೋ ಬಟ್ಟೆಯ ಮೇಲೆ ಸೀಮೆಸುಣ್ಣದ ಗೀಟು ಹಾಕಿ
ಇಲ್ಲಿ ಕತ್ತರಿಸು ಅಂದಂತೆ.

ಕೌಲ್ ಬಜಾರಿನ ತಗಡಿನ ಶೆಡ್ಡು.
ಹದಿನಾರು ಮಿಷನ್ನು, ಎರಡು ಫ್ಯಾನು,
ಒಂದು ತಿರುಗುತ್ತದೆ.
ಜೀನ್ಸಿನ ಕಾಲು ಜೋಡಿಸುವುದು ನನ್ನ ಕೆಲಸ,
ಕಾಲಿಗಿಷ್ಟು ಎಂದು ಲೆಕ್ಕ.
ಬೆವರು ಬೆನ್ನಿನಿಂದಿಳಿದು ಲಾಡಿಯ ಹತ್ತಿರ ನಿಲ್ಲುತ್ತದೆ,
ಮುಂದೆ ದಾರಿಯಿಲ್ಲದೆ.
ಕೆರೆ ಕಂಡಲ್ಲಿ ಊರು ಕಟ್ಟುವವರಂತೆ
ಅದು ಅಲ್ಲೇ ನೆಲೆ ನಿಂತಿತು.

ತಡೆಯಲಾಗದಷ್ಟು ತುರಿಸಿದಾಗ
ಸುಂಕ್ಲಮ್ಮನ ಕತ್ತರಿ ಬೇಕು ಅಂತ ಎದ್ದು ಹೋಗುತ್ತಿದ್ದೆ,
ಹೋಗುವ ದಾರಿಯಲ್ಲಿ ಕಂಬಕ್ಕೆ ಒಂದಿಷ್ಟು ಸೊಂಟ ಉಜ್ಜಿ.
ಮೇಸ್ತ್ರಿ ಕೇಳಿದ,
ದಿನಕ್ಕೆ ಎಷ್ಟು ಸಲ ಬೇಕವ್ವಾ ನಿನಗೆ ಕತ್ತರಿ?

ಮೆಡಿಕಲ್ಲಿನ ಪಾಲಾಕ್ಷಿಗೆ
ಮೊಣಕೈ ಮುಂದೆ ಮಾಡಿ, ಇಲ್ಲಾಗಿದೆ ಎಂದು ಸುಳ್ಳು ಹೇಳಿದೆ.
ಅವನು ಮೊಣಕೈಯನ್ನೂ ನೋಡಲಿಲ್ಲ.
ಟ್ಯೂಬು ಕೊಟ್ಟ. ಎಲ್ಲಾರೂ ಇದನ್ನೇ ಒಯ್ತಾರಕ್ಕಾ.
ಮೂರು ದಿನಕ್ಕೆ ತಣ್ಣಗಾಯಿತು.
ದೇವರೇ, ಆ ರಾತ್ರಿಗಳ ನಿದ್ದೆ!
ಟ್ಯೂಬು ಮುಗಿದ ವಾರಕ್ಕೆ
ಹೋದವನು ನೆಂಟರನ್ನೂ ಕರಕೊಂಡು ಬಂದ.
ಮತ್ತೆ ಟ್ಯೂಬು. ಮತ್ತೆ ನೆಂಟರು.
ಐದನೆಯ ಟ್ಯೂಬಿಗೆ ಚರ್ಮ
ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಾಗಿ ಒಳಗಿನ ನರ ಕಂಡಿತು.
ಅದೇ ವಾರ ಮಗ ತೊಡೆ ತೋರಿಸಿದ.
ಅವನದಿನ್ನೂ ನಾಲ್ಕಾಣೆ.
ಮನೆಯಲ್ಲಿ ನಾಲ್ವರು ನಾವು, ಟವಲು ಒಂದು.

ವಿಮ್ಸಿನಲ್ಲಿ, ಚರ್ಮದ ಸಾಲಿನಲ್ಲೇ ನಿಂತು,
ಹಿಂದಿನವಳು ಏನಾಗಿದೆ ಅಂದದ್ದಕ್ಕೆ ಕಣ್ಣು ನೋವು ಅಂದೆ.
ನನಗೂ ಕಣ್ಣೇ, ಅಂದಳು ಅವಳು
ಸೊಂಟ ಮುಟ್ಟಿಕೊಂಡು.

ಡಾಕ್ಟರಮ್ಮ ಇನ್ನೂ ಚಿಕ್ಕ ಹುಡುಗಿ.
ಪರದೆ ಎಳೆದು, ಅಂಚಿನ ಹೊಟ್ಟು ಚೂರು ಕೆರೆದು
ಗಾಜಿನ ಮೇಲಿಟ್ಟಳು.
ಹುಳಕಡ್ಡಿ. ಬಾಯಿಬಿಟ್ಟು ಹೆಸರು ಹೇಳಿದ್ದು ಅವಳೇ ಮೊದಲು.
ಇದರಲ್ಲಿ ಹುಳವೂ ಇಲ್ಲ ಕಡ್ಡಿಯೂ ಇಲ್ಲವಂತೆ,
ಹಳಸಿದ ರೊಟ್ಟಿಗೆ ಹಿಡಿಯುವ ಬೂಷ್ಟಿನ ಬಳಗವಂತೆ.
ಖಾಲಿ ಟ್ಯೂಬು ತಿರುಗಿಸಿ ಓದಿದಳು.
'ಇದು ಬೆಂಕಿ ಆರಿಸಲ್ಲ, ಹೊಗೆ ಮುಚ್ಚತೈತೆ.'
ಬೇರೆ ಮುಲಾಮು ಬರೆದಳು.
ಗೀಟು ದಾಟಿ ಎರಡು ಬೆರಳು ಆಚೆತನಕ ಹಚ್ಚಬೇಕು,
ಮಾಯ್ದು ಹೋದ ಮೇಲೂ ಎರಡು ವಾರ ಬಿಡಬಾರದು,
ಮಗನನ್ನೂ ಕರೆತರಬೇಕು.
ಕೊನೆಗೆ,
'ಬಟ್ಟೆ ಎಲ್ಲಿ ಒಣಗಿಸ್ತೀರಿ?'

ಎಲ್ಲಿ ಒಣಗಿಸುತ್ತೇನೆ?
ಹಗ್ಗದ ಮೇಲೆ ಗಂಡನ ಅಂಗಿ, ಮಕ್ಕಳ ಚಡ್ಡಿ,
ಆಮೇಲೆ ನನ್ನ ಸೀರೆ.
ಸೀರೆಯಡಿ ಲಂಗ.
ಲಂಗದಡಿ ಉಳಿದದ್ದು.
ಅವ್ವ ಕಲಿಸಿದ್ದು, ಅವ್ವನಿಗೆ ಅವಳವ್ವ:
ಗಂಡಸರ ಕಣ್ಣಿಗೆ ಬೀಳಬಾರದು.
ಗಂಡಸರ ಕಣ್ಣಿಗೆ ಬೀಳಲಿಲ್ಲ.
ಸೂರ್ಯನ ಕಣ್ಣಿಗೂ ಬೀಳಲಿಲ್ಲ.
ಈ ಬಳ್ಳಾರಿ ಬಿಸಿಲನ್ನು ಬೈದುಕೊಂಡೇ
ಮೂವತ್ತೆಂಟು ವರ್ಷ ಕಳೆದವಳು
ಅದರದೊಂದು ಹಿಡಿ ನನ್ನ ಲಂಗಕ್ಕೆ ಕೊಡಲಿಲ್ಲ,
ದಿನಾ ಅರೆಹಸಿಯದನ್ನೇ ಕಟ್ಟಿ ಮಿಷನ್ನಿಗೆ ಕೂತೆ.

ಐತವಾರ ಹಂಡೆ ಕಾಯಿಸಿದೆ.
ಕುದಿನೀರಿನಲ್ಲಿ ನೆನೆಸಿ, ಹಿಂಡಿ, ಒಳಮೈ ಹೊರಗೆ ಮಾಡಿ
ಹಗ್ಗದ ಮೇಲಿನ ಎಳೆಗೇ ಹಾಕಿದೆ, ಎಲ್ಲವನ್ನೂ,
ಪಕ್ಕದಲ್ಲಿ ನಾಲ್ಕು ಬಣ್ಣದ ನಾಲ್ಕು ಟವಲು.
ಎದುರು ಮಾಳಿಗೆಯಲ್ಲಿ ತಿಪ್ಪಯ್ಯ ಮಾವ ಕೆಮ್ಮಿದರು.
ಕೆಮ್ಮಲಿ.
ಮಧ್ಯಾಹ್ನಕ್ಕೆ ಲಂಗ ಹಪ್ಪಳದಂತೆ ಗರಿಗರಿ,
ಮೂಗಿಗೆ ಹಿಡಿದರೆ ಬಿಸಿಲಿನದೇ ವಾಸನೆ.

ಈಗ ಗೀಟು ಅಳಿಸಿದೆ. ಕಪ್ಪು ಕಲೆ ಇದೆ,
ಲಾಡಿ ಒಂದು ಬೆರಳು ಸಡಿಲ ಇದೆ.
ತುರಿಕೆಯಿಲ್ಲದ ಚರ್ಮಕ್ಕೆ ಮುಲಾಮು ಹಚ್ಚುವುದು
ಹಸಿವಿಲ್ಲದವರಿಗೆ ಉಣ್ಣಿಸಿದ ಹಾಗೆ ಕಷ್ಟ,
ಆದರೂ ಹಚ್ಚುತ್ತೇನೆ. ಇನ್ನು ಒಂಬತ್ತು ದಿನ.

ನಿನ್ನೆ ಊಟ ಬಿಡುವ ಹೊತ್ತಿಗೆ ಸುಂಕ್ಲಮ್ಮ ಎದ್ದು ಬಂದಳು,
ಕಂಬಕ್ಕೆ ಸವರಿಕೊಂಡು,
ನನ್ನ ಕತ್ತರಿ ಕೇಳಿದಳು.
ಅವಳ ಕತ್ತರಿ
ಅವಳ ಕೈಯಲ್ಲೇ ಇತ್ತು.